ಮೆಮೊರಿ ಕಾರ್ಡ್ ಮೈಮೇಲೆ ಬರೆದದ್ದೇನು: ಕೊಳ್ಳುವ ಮೊದಲು ಓದಿಕೊಳ್ಳುವ ಟಿಪ್ಪಣಿ

ಶಿವಮೊಗ್ಗದ ನೆಹರೂ ರಸ್ತೆಯಲ್ಲಾಗಲಿ, ತೀರ್ಥಹಳ್ಳಿ ಬಸ್‌ಸ್ಟ್ಯಾಂಡ್ ಪಕ್ಕದಲ್ಲಾಗಲಿ, ಕಾರ್ಡ್ ಕೇಳಿದರೆ ಅಂಗಡಿಯವರು ಮೊದಲು ಕೇಳುವುದು "ಎಷ್ಟು ಜಿಬಿ ಬೇಕು?" ಎಂದೇ. ನಾವು ಕಲಿಯುವವರು ಅದನ್ನು ಕೊನೆಗೆ ಇಟ್ಟುಕೊಳ್ಳೋಣ. ಫೋನು ಯಾವುದು, ಕಾರ್ಡಿಗೆ ಏನು ತುಂಬುತ್ತೀರಿ ಎನ್ನುವುದು ಗೊತ್ತಾದರೆ ಜಿಬಿ ತಾನಾಗಿ ಗೊತ್ತಾಗುತ್ತದೆ. ಕಾರ್ಡಿನ ಮೇಲಿನ ದೊಡ್ಡ ಅಂಕಿ ದುಡ್ಡಿನ ಲೆಕ್ಕಕ್ಕೆ. ಕೆಲಸದ ಲೆಕ್ಕವೆಲ್ಲ ಅದರ ಸುತ್ತ ಇರುವ ಇರುವೆಯಂಥ ಅಕ್ಷರಗಳಲ್ಲಿದೆ.

ಮೊದಲು ಟ್ರೇ

ಪಿನ್ ಚುಚ್ಚಿ ಸಿಮ್ ಟ್ರೇ ಹೊರಗೆ ತೆಗೆಯಿರಿ. ಮೂರು ಜಾಗ ಇದ್ದರೆ ಎರಡು ಸಿಮ್ಮು, ಒಂದು ಕಾರ್ಡು, ತಕರಾರಿಲ್ಲ. ಎರಡೇ ಜಾಗ ಇದ್ದು ಒಂದು ಸ್ವಲ್ಪ ಉದ್ದಕ್ಕಿದ್ದರೆ ಅದು ಹೈಬ್ರಿಡ್ ಟ್ರೇ: ಅಲ್ಲಿ ಎರಡನೇ ಸಿಮ್ ಹಾಕಿ ಇಲ್ಲವೇ ಕಾರ್ಡ್ ಹಾಕಿ, ಎರಡೂ ಆಗದು. ಈಗಿನ ಹಲವು ಫೋನುಗಳಲ್ಲಿ ಕಾರ್ಡಿಗೆ ಜಾಗವೇ ಇಲ್ಲ.

ಮಲೆನಾಡಿನವರಿಗೆ ಇದು ಸಣ್ಣ ವಿಷಯವಲ್ಲ. ಮನೆಯಂಗಳದಲ್ಲಿ ಒಂದು ಕಂಪನಿ ಸಿಗ್ನಲ್ ಸಿಕ್ಕರೆ ಪೇಟೆಯಲ್ಲಿ ಇನ್ನೊಂದು ಚೆನ್ನಾಗಿರುತ್ತದೆ, ಹಾಗಾಗಿ ಎರಡು ಸಿಮ್ ಇಟ್ಟವರೇ ಹೆಚ್ಚು. ಹೈಬ್ರಿಡ್ ಟ್ರೇ ಇರುವ ಫೋನಿಗೆ ಕಾರ್ಡ್ ತಂದರೆ ಒಂದು ನಂಬರ್ ಬಿಡಬೇಕು. ಅಂಥವರು ಕಾರ್ಡಿನ ದುಡ್ಡಿಗೆ ಫೋನಿಗೇ ನೇರ ಚುಚ್ಚುವ ಒಟಿಜಿ ಪೆನ್‌ಡ್ರೈವ್ ತೆಗೆದುಕೊಂಡು ವಾರಕ್ಕೊಮ್ಮೆ ಫೋಟೊ ಇಳಿಸಿಕೊಳ್ಳುವುದು ಮೇಲು.

ಎಚ್‌ಸಿ, ಎಕ್ಸ್‌ಸಿ ಎಂದರೆ

ಮೈಕ್ರೋಎಸ್‌ಡಿ ಕಾರ್ಡಿನ ಅಳತೆ 15 ಮಿಮೀ ಉದ್ದ, 11 ಮಿಮೀ ಅಗಲ, 1 ಮಿಮೀ ದಪ್ಪ. 2004ರಲ್ಲಿ ಟ್ರಾನ್ಸ್‌ಫ್ಲ್ಯಾಶ್ ಎಂಬ ಹೆಸರಿನಲ್ಲಿ ಬಂದದ್ದು 2005ರಲ್ಲಿ ಮೈಕ್ರೋಎಸ್‌ಡಿ ಆಯಿತು. ಹೊರಗಿನ ಆಕಾರ ಅಂದಿನಿಂದ ಬದಲಾಗಿಲ್ಲ, ಒಳಗಿನ ಲೆಕ್ಕ ಬದಲಾಗಿದೆ. ಮೊದಲಿನ ಎಸ್‌ಡಿ 2 ಜಿಬಿವರೆಗೆ. ಎಸ್‌ಡಿಎಚ್‌ಸಿ 2ರಿಂದ ಮೇಲೆ 32 ಜಿಬಿವರೆಗೆ. ಎಸ್‌ಡಿಎಕ್ಸ್‌ಸಿ 32ರಿಂದ ಮೇಲೆ 2 ಟಿಬಿವರೆಗೆ. ಅದರ ಮೇಲಿನ ಎಸ್‌ಡಿಯುಸಿ ಸದ್ಯಕ್ಕೆ ನಮಗೆ ಬೇಡ.

ಈ ಹೆಸರಿನ ಜೊತೆ ಫೈಲ್ ಸಿಸ್ಟಮ್, ಅಂದರೆ ಫೈಲುಗಳನ್ನು ಜೋಡಿಸಿಡುವ ಕ್ರಮ, ಅಂಟಿಕೊಂಡಿದೆ. ಎಚ್‌ಸಿ ಕಾರ್ಡ್ ಬರುವುದು ಫ್ಯಾಟ್32ನಲ್ಲಿ, ಎಕ್ಸ್‌ಸಿ ಕಾರ್ಡ್ ಎಕ್ಸ್‌ಫ್ಯಾಟ್‌ನಲ್ಲಿ. ಹಾಡು ಕೇಳುವ ಕೀಪ್ಯಾಡ್ ಫೋನುಗಳು ಸಾಮಾನ್ಯವಾಗಿ 32 ಜಿಬಿಗೆ ನಿಲ್ಲುತ್ತವೆ, ಎಕ್ಸ್‌ಫ್ಯಾಟ್ ಅವಕ್ಕೆ ಅರ್ಥವಾಗದು. ಅಜ್ಜನ ಫೋನಿಗೆ 64 ಜಿಬಿ ಕಾರ್ಡ್ ಹಾಕಿ "ಕಾರ್ಡ್ ಹಾಳು" ಎಂದು ವಾಪಸ್ ತರುವವರ ಕತೆ ಬಹುಮಟ್ಟಿಗೆ ಇದೇ. ಕಾರ್ಡ್ ನೆಟ್ಟಗಿದೆ, ಫೋನಿಗೆ ಆ ಭಾಷೆ ಬರುವುದಿಲ್ಲ.

ಫ್ಯಾಟ್32ನಲ್ಲಿ ಇನ್ನೊಂದು ತೊಡಕು: ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಫೋನಿನ 1080ಪಿ ವಿಡಿಯೊ ಸೆಕೆಂಡಿಗೆ 17 ಮೆಗಾಬಿಟ್ ಆಸುಪಾಸು ತಿನ್ನುತ್ತದೆ ಎಂದಿಟ್ಟುಕೊಳ್ಳಿ. 8 ಬಿಟ್ ಸೇರಿ ಒಂದು ಬೈಟ್, ಹಾಗಾಗಿ 8ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 2.1 ಎಂಬಿ, ನಿಮಿಷಕ್ಕೆ 127 ಎಂಬಿ ಚಿಲ್ಲರೆ. ಅಂದರೆ 33 ನಿಮಿಷಕ್ಕೆ ಆ ಗೋಡೆ ತಾಗುತ್ತದೆ. ಕೆಲವು ಫೋನು ಅಲ್ಲಿಂದ ತಾವೇ ಹೊಸ ಫೈಲ್ ಶುರು ಮಾಡುತ್ತವೆ, ಕೆಲವು ಸುಮ್ಮನೆ ನಿಂತುಬಿಡುತ್ತವೆ. ಮದುವೆಯ ಧಾರೆ ಹೊತ್ತಿಗೆ ನಿಂತರೆ ಯಾರನ್ನು ಬೈಯುವುದು?

ಎಷ್ಟು ಜಿಬಿ: ಒಂದು ರಾತ್ರಿಯ ಆಟದ ಲೆಕ್ಕ

ಕಂಪನಿಯವರು 1 ಜಿಬಿ ಎಂದರೆ ನೂರು ಕೋಟಿ ಬೈಟ್ ಎನ್ನುತ್ತಾರೆ. ವಿಂಡೋಸ್ ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಆದ್ದರಿಂದ 32 ಎಂದದ್ದು 29.8 ಆಗಿ, 64 ಎಂದದ್ದು 59.6 ಆಗಿ, 128 ಎಂದದ್ದು 119.2 ಆಗಿ ಕಾಣುತ್ತದೆ. ಇದು ಮೋಸವಲ್ಲ. ಮೋಸ ಬೇರೆ ಇದೆ, ಮುಂದೆ ಬರುತ್ತದೆ.

ಈಗ ರಾತ್ರಿ 9ಕ್ಕೆ ಶುರುವಾಗಿ ಬೆಳಗಿನ 6ಕ್ಕೆ ಮುಗಿಯುವ ಯಕ್ಷಗಾನವನ್ನು ಮೇಲಿನ ಲೆಕ್ಕದಲ್ಲೇ ಹಿಡಿಯಿರಿ. ಗಂಟೆಗೆ 7.65 ಜಿಬಿಯಂತೆ 9 ಗಂಟೆಗೆ 69 ಜಿಬಿ ಹತ್ತಿರ. 64 ಜಿಬಿ ಕಾರ್ಡ್ ಪೂರ್ತಿ ಖಾಲಿ ಇದ್ದರೂ ಐದೂಕಾಲು ದಾಟುತ್ತಿದ್ದಂತೆ ತುಂಬಿಬಿಡುತ್ತದೆ. ಭಾಗವತರು ಮಂಗಳ ಹಾಡುವಾಗ ನಿಮ್ಮ ಕ್ಯಾಮೆರಾ ಮಲಗಿರುತ್ತದೆ. 128 ತೆಗೆದುಕೊಳ್ಳಿ, ಇಲ್ಲವೇ 720ಪಿಗೆ ಇಳಿಸಿ.

ಫೋನಿಂದ ಫೋನಿಗೆ ಈ ಅಂಕಿ ಬದಲಾಗುತ್ತದೆ. ನಿಮ್ಮ ಫೋನಿನಲ್ಲಿ ಸರಿಯಾಗಿ ಒಂದು ನಿಮಿಷ ರೆಕಾರ್ಡ್ ಮಾಡಿ ಫೈಲಿನ ಗಾತ್ರ ನೋಡಿ, 60ರಿಂದ ಗುಣಿಸಿ. ಅದೇ ನಿಮ್ಮ ಗಂಟೆಯ ಲೆಕ್ಕ. ಬರೀ ಫೋಟೊ ಆದರೆ ಒಂದಕ್ಕೆ 4 ಎಂಬಿ ಎಂದರೂ 64 ಜಿಬಿಗೆ 15 ಸಾವಿರ ಚಿತ್ರ ಹಿಡಿಯುತ್ತದೆ.

ವಾಟ್ಸ್‌ಆ್ಯಪ್ ತುಂಬಿತೆಂದು ಕಾರ್ಡ್ ಕೊಳ್ಳುವವರು ಗಮನಿಸಿ: ಅದರ ಫೋಟೊ, ವಿಡಿಯೊ ಬಂದು ಬೀಳುವುದು ಫೋನಿನ ಒಳಗಿನ ಜಾಗಕ್ಕೇ. ಕಾರ್ಡಿಗೆ ನೇರವಾಗಿ ಇಳಿಸುವ ಆಯ್ಕೆ ಅದರಲ್ಲಿಲ್ಲ. ಆಗಾಗ ಕೈಯಾರೆ ಸಾಗಿಸಬೇಕು. ಶುಭೋದಯದ ಚಿತ್ರಗಳನ್ನು ಸಾಗಿಸದೆ ಅಳಿಸಿದರೂ ನಷ್ಟವಿಲ್ಲ.

ವೇಗದ ಗುರುತುಗಳು

ಕಾರ್ಡನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಇಂಗ್ಲಿಷ್ ಸಿ ಅಕ್ಷರದ ಹೊಟ್ಟೆಯೊಳಗೆ 10 ಎಂದಿದ್ದರೆ ಸತತವಾಗಿ ಬರೆಯುವಾಗ ಸೆಕೆಂಡಿಗೆ 10 ಎಂಬಿಗಿಂತ ಕೆಳಗೆ ಇಳಿಯುವುದಿಲ್ಲ ಎಂದರ್ಥ. ಯು ಅಕ್ಷರದೊಳಗೆ 1 ಇದ್ದರೆ ಅದೂ 10 ಎಂಬಿಯೇ, 3 ಇದ್ದರೆ 30 ಎಂಬಿ. ವಿ30 ಎಂದರೂ 30 ಎಂಬಿ. ಇವೆಲ್ಲ ಬರೆಯುವ ವೇಗದ ಕೆಳಮಿತಿ. ಪಕ್ಕದಲ್ಲಿ ಒಂಟಿ ಗೆರೆಯಂತೆ ರೋಮನ್ ಒಂದು ಇರುತ್ತದೆ. ಅದನ್ನು ಯು1 ಎಂದು ಓದುವವರೇ ಜಾಸ್ತಿ. ಅದು ಯುಎಚ್‌ಎಸ್ ಒಂದು, ಕಾರ್ಡಿಗೂ ಫೋನಿಗೂ ನಡುವಿನ ದಾರಿಯ ಅಗಲವೇ ಹೊರತು ಓಡುವ ವೇಗವಲ್ಲ. ಆ ದಾರಿಯ ಮಿತಿ ಸೆಕೆಂಡಿಗೆ 104 ಎಂಬಿ.

ಹಾಗಾದರೆ ಪ್ಯಾಕೆಟ್ ಮೇಲೆ 150, 200 ಎಂಬಿ ಎಂದು ದಪ್ಪಕ್ಕೆ ಬರೆದದ್ದು? ಅದು ಓದುವ ವೇಗ, ಅದೂ ಆ ಕಂಪನಿಯದೇ ವಿಶೇಷ ರೀಡರ್ ಜೊತೆಗೆ. ಮಾಮೂಲಿ ಫೋನಿನಲ್ಲಿ ಸಿಗದು. ಬರೆಯುವ ವೇಗ ಎಷ್ಟೆಂದು ಹುಡುಕಿ, ಸಿಗದಿದ್ದರೆ ಯು, ವಿ ಗುರುತನ್ನೇ ನಂಬಿ. 1080ಪಿಗೆ ಸೆಕೆಂಡಿಗೆ 2 ಎಂಬಿ ಸಾಕಾದ್ದರಿಂದ ಯು1 ಧಾರಾಳ. 4ಕೆ ವಿಡಿಯೊ 5–6 ಎಂಬಿ ಕೇಳುತ್ತದೆ. ಲೆಕ್ಕಕ್ಕೆ ಯು1 ಸಾಲುತ್ತದೆ, ಆದರೂ ಕಾರ್ಡ್ ಅರ್ಧ ತುಂಬಿ ಹಳತಾದ ಮೇಲೆ ತಡವರಿಸದಿರಲು ಯು3 ಅಥವಾ ವಿ30 ಇರಲಿ.

ಎ1, ಎ2 ಎಂಬುದು ಬೇರೆಯೇ ಅಳತೆ. ಆ್ಯಪ್‌ಗಳು ಉದ್ದಕ್ಕೆ ಬರೆಯುವುದಿಲ್ಲ, ಅಲ್ಲೊಂದು ಇಲ್ಲೊಂದು ಚೂರು ಓದುತ್ತವೆ, ಬರೆಯುತ್ತವೆ. ಎ1 ಕಾರ್ಡ್ ಸೆಕೆಂಡಿಗೆ ಕನಿಷ್ಠ 1500 ಚೂರು ಓದಿ 500 ಚೂರು ಬರೆಯಬೇಕು. ಎ2 ಆದರೆ 4000 ಮತ್ತು 2000. ಆದರೆ ಎ2 ಆ ವೇಗ ತೋರಿಸಲು ಫೋನು ಕೂಡ ಕಮಾಂಡ್ ಕ್ಯೂ ಎಂಬ ವ್ಯವಸ್ಥೆಗೆ ಒಗ್ಗಬೇಕು. ಒಗ್ಗದ ಫೋನಿನಲ್ಲಿ ಹೆಚ್ಚಿನ ದುಡ್ಡು ದಂಡ. ನಮ್ಮ ಅಭಿಪ್ರಾಯ: ಬಜೆಟ್ ಫೋನಿಗೆ ಎ1, ಯು1 ಇರುವ ಒಳ್ಳೆಯ ಕಾರ್ಡ್ ಸಾಕು.

ನಕಲಿ ಕಾರ್ಡ್ ಹಿಡಿಯುವುದು

ಒಳಗೆ 8 ಜಿಬಿ ಚಿಪ್ಪು ಇಟ್ಟು, ಕೇಳಿದರೆ 128 ಎಂದು ಹೇಳುವಂತೆ ಅದರ ಕಂಟ್ರೋಲರನ್ನು, ಅಂದರೆ ಫೋನಿಗೆ ಜಾಗದ ಲೆಕ್ಕ ಒಪ್ಪಿಸುವ ಭಾಗವನ್ನು, ತಿದ್ದಿರುತ್ತಾರೆ. ಫೋನು ನಂಬುತ್ತದೆ. ಮೊದಲ 8 ಜಿಬಿ ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಬಂದದ್ದು ಹಳೆಯದರ ಮೇಲೆ ಕೂರುತ್ತದೆ, ಇಲ್ಲವೇ ಎಲ್ಲಿಗೂ ಹೋಗುವುದಿಲ್ಲ. ಫೈಲಿನ ಹೆಸರು ಇರುತ್ತದೆ, ತೆರೆದರೆ ಅರ್ಧ ಚಿತ್ರ ಬೂದಿ ಬಣ್ಣ. ತಿಂಗಳುಗಟ್ಟಲೆ ಗೊತ್ತಾಗದೆ ಹೋಗುವುದು ಇದಕ್ಕೇ.

ಪರೀಕ್ಷೆಯನ್ನು ಕೊಂಡ ದಿನವೇ, ಕಾರ್ಡ್ ಖಾಲಿ ಇರುವಾಗಲೇ ಮಾಡಬೇಕು. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3, ಎರಡೂ ಉಚಿತ. ಇವು 1 ಜಿಬಿಯ ಫೈಲುಗಳನ್ನು ಒಂದರ ಹಿಂದೆ ಒಂದು ಕಾರ್ಡ್ ತುಂಬುವವರೆಗೆ ಬರೆದು, ಮತ್ತೆ ಓದಿ ತಾಳೆ ನೋಡುತ್ತವೆ. ಎಫ್3ಯಲ್ಲಿ ಎಫ್3ರೈಟ್ ಮೊದಲು, ಎಫ್3ರೀಡ್ ಆಮೇಲೆ. ಪೂರ್ತಿ ಜಾಗ ಪರೀಕ್ಷಿಸಿ, ನಾಲ್ಕು ಜಿಬಿ ನೋಡಿ ಸಾಕೆಂದರೆ ನಕಲಿಯೂ ಪಾಸಾಗುತ್ತದೆ. 64 ಜಿಬಿಗೆ ಸೆಕೆಂಡಿಗೆ 20 ಎಂಬಿಯಂತೆ ಬರೆಯಲು 53 ನಿಮಿಷ, ಓದಲು ಬೇರೆ. ಮಳೆಗಾಲದಲ್ಲಿ ಕರೆಂಟ್ ನಂಬಿ ಕೂರಬೇಡಿ, ಲ್ಯಾಪ್‌ಟಾಪ್ ಚಾರ್ಜ್ ತುಂಬಿಸಿಕೊಂಡೇ ಶುರು ಮಾಡಿ.

ಕಂಪ್ಯೂಟರ್ ಇಲ್ಲದಿದ್ದರೆ ಒರಟು ದಾರಿ: ದೊಡ್ಡ ವಿಡಿಯೊ ಫೈಲಿನ ನಕಲುಗಳಿಂದ ಕಾರ್ಡ್ ತುಂಬಿಸಿ, ಫೋನ್ ಆಫ್ ಮಾಡಿ ಆನ್ ಮಾಡಿ, ಮೊದಲನೆಯದು, ನಡುವಿನದು, ಕೊನೆಯದು ಓಡುತ್ತವೆಯೇ ನೋಡಿ. ಆಫ್ ಮಾಡುವುದನ್ನು ಬಿಡಬೇಡಿ. ಈಗಷ್ಟೇ ಬರೆದದ್ದು ಫೋನಿನ ನೆನಪಿನಿಂದಲೇ ಬಂದು ಕಣ್ಣಿಗೆ ಮಣ್ಣೆರಚಬಹುದು. ಬಿಲ್ ಇಲ್ಲದ ಕಡೆ, ಬೇರೆಲ್ಲ ಅಂಗಡಿಗಿಂತ ಅರ್ಧ ಬೆಲೆಗೆ ಸಿಕ್ಕಿದ ಕಾರ್ಡಿಗೆ ಈ ಪರೀಕ್ಷೆ ಕಡ್ಡಾಯ.

ಹಾಕುವುದು, ತೆಗೆಯುವುದು

ಫಾರ್ಮ್ಯಾಟನ್ನು ಫೋನಿನಲ್ಲೇ ಮಾಡಿ. ಆಂಡ್ರಾಯ್ಡ್ 6ರಿಂದ ಈಚೆಗೆ ಕೆಲವು ಫೋನು ಕಾರ್ಡನ್ನು ಒಳಗಿನ ಜಾಗಕ್ಕೇ ಸೇರಿಸಿಕೊಳ್ಳಲೇ ಎಂದು ಕೇಳುತ್ತವೆ. ಒಪ್ಪಿದರೆ ಕಾರ್ಡಿನ ಮಾಹಿತಿಗೆ ಬೀಗ ಬೀಳುತ್ತದೆ, ಕೀಲಿ ಆ ಫೋನಿನಲ್ಲೇ ಇರುತ್ತದೆ. ಫೋನ್ ಕೆರೆಗೆ ಬಿದ್ದರೆ ಕಾರ್ಡ್ ಉಳಿದರೂ ಫೋಟೊ ಉಳಿಯದು. ಫೋಟೊಗಾಗಿ ಕಾರ್ಡ್ ಹಾಕುವವರು ಪೋರ್ಟಬಲ್ ಎಂಬುದನ್ನೇ ಆರಿಸಿ. ಆಮೇಲೆ ಕ್ಯಾಮೆರಾ ಸೆಟ್ಟಿಂಗ್‌ಗೆ ಹೋಗಿ ಸ್ಟೋರೇಜನ್ನು ಕಾರ್ಡಿಗೆ ಬದಲಿಸಿ. ಇದನ್ನು ಮರೆತು ಕಾರ್ಡ್ ಖಾಲಿ, ಫೋನ್ ಭರ್ತಿ ಎಂದು ಗೋಳಾಡುವವರಿದ್ದಾರೆ.

ತೆಗೆಯುವ ಮುನ್ನ ಸ್ಟೋರೇಜ್ ಪುಟದಲ್ಲಿ ಇಜೆಕ್ಟ್ ಒತ್ತಿ. ಬರೆಯುವ ನಡುವೆ ಕಿತ್ತರೆ ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ ಅರೆಬರೆಯಾಗಿ, ಇಡೀ ಕಾರ್ಡ್ "ಫಾರ್ಮ್ಯಾಟ್ ಮಾಡಿ" ಎನ್ನತೊಡಗುತ್ತದೆ. ಆಗ ಒಪ್ಪಬೇಡಿ, ಹೊಸದೇನೂ ಬರೆಯಬೇಡಿ. ರೀಡರ್‌ಗೆ ಹಾಕಿ ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಓಡಿಸಿ, ಸಿಕ್ಕಿದ್ದನ್ನು ಕಂಪ್ಯೂಟರಿಗೆ ಉಳಿಸಿಕೊಳ್ಳಿ. ಹೆಸರುಗಳು ಹೋಗಿರುತ್ತವೆ, ಚಿತ್ರಗಳು ಬಹಳಷ್ಟು ಸಿಗುತ್ತವೆ.

ಜಡಿಮಳೆಯ ತಿಂಗಳುಗಳಲ್ಲಿ ಕಾರ್ಡಿಗಿಂತ ಫೋನಿನ ಒಳಗಿನ ತಂತಿಮೊನೆಗಳಿಗೆ ತೇವ ಹೆಚ್ಚು ಕಾಟ ಕೊಡುತ್ತದೆ. ಕಾರ್ಡ್ ಕಾಣಿಸಿ ಮಾಯವಾಗುತ್ತಿದ್ದರೆ ಚಿನ್ನದ ಬಣ್ಣದ ಪಟ್ಟಿಗಳನ್ನು ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಜಿಡ್ಡಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಹನಿ. ರಬ್ಬರಿನಿಂದ ಉಜ್ಜಬೇಡಿ, ಲೇಪ ಸವೆಯುತ್ತದೆ. ನೆನೆದ ಕಾರ್ಡನ್ನು ಒಲೆ ಮೇಲಿನ ಅಟ್ಟದಲ್ಲಿ ಇಡುವ ಯೋಚನೆಯೂ ಬೇಡ. ಬಳಸದ ಕಾರ್ಡನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ.

ಕೊನೆಗೊಂದು ವಿಚಿತ್ರ ಲಕ್ಷಣ. ಫೋಟೊ ಅಳಿಸುತ್ತೀರಿ, ಫೋನ್ ಆಫ್ ಮಾಡಿ ಆನ್ ಮಾಡಿದರೆ ಅವು ಮತ್ತೆ ಅಲ್ಲೇ. ಫಾರ್ಮ್ಯಾಟ್ ಆಯಿತು ಎನ್ನುತ್ತದೆ, ಮತ್ತೆ ಅವೇ. ವೈರಸ್ ಅಲ್ಲ. ಸವೆದ ಜಾಗಕ್ಕೆ ಬದಲಿಯಾಗಿ ಒಳಗೆ ಇಟ್ಟಿದ್ದ ಬಿಡಿ ಬ್ಲಾಕುಗಳು ಮುಗಿದು ಕಾರ್ಡ್ ಓದುವುದಕ್ಕಷ್ಟೇ ಬಾಗಿಲು ತೆರೆದಿಟ್ಟಿದೆ. ಇರುವುದನ್ನು ಅಂದೇ ನಕಲಿಸಿಕೊಳ್ಳಿ. ಗ್ಯಾರಂಟಿ ಇದ್ದರೂ ಕಾರ್ಡನ್ನು ವಾಪಸ್ ಕೊಟ್ಟರೆ ನಿಮ್ಮ ಫೋಟೊಗಳೂ ಜೊತೆಗೇ ಹೋಗುತ್ತವೆ ಎಂಬುದು ಗೊತ್ತಿರಲಿ. ಕೊಡುವುದಿಲ್ಲ ಎಂದಾದರೆ ಹಾಗೇ ಕಸಕ್ಕೆ ಎಸೆಯಬೇಡಿ, ಅಡಕತ್ತರಿಯಲ್ಲಿ ನಡುವೆ ಇಟ್ಟು ಎರಡು ಹೋಳು ಮಾಡಿ ಎಸೆಯಿರಿ.