ಗೆರೆ ಏರಿದರೆ ವಿಷ ಇದೆ ಅಂತಲ್ಲ

"ಮೇಡಂ, ಗೆರೆ ಏರಿತಲ್ಲ, ವಿಷ ಇದೆ ಅಂತಲ್ವಾ?" ಸೆನ್ಸರ್‌ನ ಪರದೆ ನೋಡಿ ಹಾಸನದ ಪ್ರಾಜೆಕ್ಟ್ ಹುಡುಗರು ಇದನ್ನೇ ಕೇಳ್ತಾರೆ. ಮೂಡಿಗೆರೆ ಕಡೆಯಿಂದ ಕಾಫಿ ಬೀಜ ಹಿಡಿದು ಬರುವ ಬೆಳೆಗಾರರೂ ಇದನ್ನೇ.

ನಮ್ಮದು ಎಸ್‌ಪಿಆರ್ (ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್) ಸೆನ್ಸರ್, ಗಾಜಿನ ಮೇಲಿನ ತೆಳು ಚಿನ್ನದ ಪದರದ ಪಕ್ಕ ಏನಾದರೂ ಬದಲಾದರೆ ಬೆಳಕಿನಿಂದ ಪತ್ತೆ ಹಚ್ಚುವ ಸಾಧನ. ಆ ಚಿನ್ನಕ್ಕೆ ವಿಷ ಯಾವುದು, ಸಕ್ಕರೆ ಯಾವುದು ಅಂತ ಗೊತ್ತಿಲ್ಲ. ಗಾಜಿನ ಮೇಲಿನ ಆ ಪದರ ಸುಮಾರು 50 ನ್ಯಾನೊಮೀಟರ್ ದಪ್ಪ. ತನ್ನ ಪಕ್ಕದ ಒಂದಿನ್ನೂರು ನ್ಯಾನೊಮೀಟರ್ ಜಾಗದಲ್ಲಿ ವಕ್ರೀಭವನ ಸೂಚ್ಯಂಕ (ಬೆಳಕು ಎಷ್ಟು ಬಾಗುತ್ತದೆ ಅನ್ನುವ ಅಳತೆ) ಬದಲಾದರೆ, ಚಿನ್ನ ಬೆಳಕನ್ನು ಹೀರಿಕೊಳ್ಳುವ ಕೋನ ಸರಿಯುತ್ತದೆ, ಪರದೆಯ ಗೆರೆ ಏರಿಳಿಯುತ್ತದೆ. ಅಷ್ಟೇ. ಯಾರಿಂದ ಬದಲಾಯಿತು ಅಂತ ಅದು ವಿಚಾರಿಸುವುದಿಲ್ಲ. ಆ ಕೆಲಸ ಮೇಲೆ ಕೂರಿಸಿದ ಆಂಟಿಬಾಡಿಯದು, ಅಂದರೆ ಒಂದು ನಿರ್ದಿಷ್ಟ ವಸ್ತುವನ್ನೇ ಗುರುತಿಸಿ ಹಿಡಿಯುವ ಪ್ರೋಟೀನಿನದು. ಶೇಕಡಾ 1ರ ಸಕ್ಕರೆ ನೀರು ಹರಿಸಿ ನೋಡಿ, ಸೂಚ್ಯಂಕ ಸುಮಾರು 0.0014 ಏರುತ್ತದೆ. ಚದರ ಮಿಲಿಮೀಟರಿಗೆ 1 ನ್ಯಾನೊಗ್ರಾಂ ಪ್ರೋಟೀನ್ ಕೂತಾಗ ಬರುವ ಸಿಗ್ನಲ್‌ಗಿಂತ ಇದೇ ಜಾಸ್ತಿ. ತಾಪ ಒಂದು ಡಿಗ್ರಿ ಏರುಪೇರಾದರೂ ಗೆರೆ ಅಲ್ಲಾಡುತ್ತದೆ.

ಒಬ್ಬ ಹುಡುಗ ಡಿಕಾಕ್ಷನ್ ಸೋಸಿ ಸೀದಾ ಬಿಟ್ಟುಬಿಟ್ಟ. ಗೆರೆ ಜಿಗಿಯಿತು. ಫೋಟೊ ತೆಗೆದು ಸ್ಟೇಟಸ್‌ಗೂ ಹಾಕಿಯಾಗಿತ್ತು. "ಈಗ ಬಫರ್ ಹರಿಸಿ ತೊಳಿ" ಅಂದೆ. (ಬಫರ್ ಅಂದರೆ ತೊಳೆಯಲು ಬಳಸುವ ಲವಣದ ದ್ರಾವಣ.) ನಿಮಿಷದೊಳಗೆ ಗೆರೆ ಹೊರಟ ಜಾಗಕ್ಕೇ ಬಂತು. ಅಂಟಿದ್ದು ಏನೂ ಇಲ್ಲ, ಸುಮ್ನೆ ಹರಿದು ಹೋದ ಕಾಫಿ. ಪಾಪ, ಮುಖ ಸಣ್ಣದಾಯಿತು.

ಬೆಳೆಗಾರರ ಚಿಂತೆ ಓಕ್ರಟಾಕ್ಸಿನ್ ಎ. ಸರಿಯಾಗಿ ಒಣಗದ ಕಾಫಿಗೆ ಬೂಷ್ಟು ಹಿಡಿದಾಗ ಬರುವ ವಿಷ. ಅದರ ಅಣುತೂಕ 404, ಆಂಟಿಬಾಡಿಯದು ಒಂದೂವರೆ ಲಕ್ಷ. ಇಷ್ಟು ಚಿಕ್ಕದು ಅಂಟಿದರೂ ಗೆರೆ ಕದಲುವುದೇ ಕಷ್ಟ. ಹಾಗಾಗಿ ಸಾಮಾನ್ಯವಾಗಿ ಉಲ್ಟಾ ಮಾಡುತ್ತೇವೆ. ವಿಷವನ್ನೇ ಚಿನ್ನದ ಮೇಲೆ ಕೂರಿಸಿ, ಸ್ಯಾಂಪಲ್‌ಗೆ ಅಳತೆಯ ಆಂಟಿಬಾಡಿ ಬೆರೆಸಿ ಹರಿಸುತ್ತೇವೆ. ಸ್ಯಾಂಪಲ್‌ನಲ್ಲಿ ವಿಷವಿದ್ದರೆ ಆಂಟಿಬಾಡಿ ಅಲ್ಲೇ ಖರ್ಚಾಗುತ್ತದೆ, ಚಿನ್ನದ ಮೇಲೆ ಕೂರುವುದು ಕಮ್ಮಿ. ಅಂದರೆ ಗೆರೆ ಕಮ್ಮಿ ಏರಿದಷ್ಟೂ ವಿಷ ಜಾಸ್ತಿ! ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ ಹಿರಿಯರೊಬ್ಬರು ಗೆರೆ ಮಲಗಿದ್ದು ನೋಡಿ, "ಸದ್ಯ, ನಮ್ಮ ಕಾಫಿ ಬಚಾವ್" ಅಂದರು.

ಹಾಗಂತ ಮಲಗಿದ ಗೆರೆಯನ್ನೂ ಪೂರ್ತಿ ನಂಬಬೇಡಿ. ಆಂಟಿಬಾಡಿ ಕೆಟ್ಟಿದ್ದರೂ ಅದು ಹಾಗೇ ಮಲಗುತ್ತದೆ. ಅದಕ್ಕೇ ವಿಷವಿಲ್ಲದ್ದೊಂದು, ಗೊತ್ತಿರುವಷ್ಟು ವಿಷ ಬೆರೆಸಿದ್ದೊಂದು, ಎರಡನ್ನೂ ಅದೇ ಚಿಪ್ (ಚಿನ್ನ ಲೇಪಿಸಿದ ಗಾಜು) ಮೇಲೆ ಓಡಿಸದೆ ನಾನು ಬಾಯಿ ಬಿಡುವುದಿಲ್ಲ. ರಫ್ತಿನ ಲಾಟ್ ಆದರೆ ಎಚ್‌ಪಿಎಲ್‌ಸಿ (ಸ್ಯಾಂಪಲ್‌ನ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ವರದಿಯೂ ಬರಲಿ. ಬರುವಾಗ ಅದೇ ತೋಟದ, ಚೆನ್ನಾಗಿ ಒಣಗಿದ ಬೀಜವನ್ನೂ ಬೇರೆ ಚೀಲದಲ್ಲಿ ತನ್ನಿ. ಹೋಲಿಸಿ ನೋಡಲು ಬೇಕಾಗುತ್ತದೆ.