ಕ್ರೀಟ್‌ನಿಂದ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್: ಒಂದೇ ದಿನಕ್ಕೆ ಸ್ಯಾಂಟೊರಿನಿ ಸಾಕಾ?

ಪ್ರಶ್ನೆ: ನಾವು ಮ್ಯೂನಿಕ್‌ನಲ್ಲಿದ್ದೇವೆ. ಸೆಪ್ಟೆಂಬರ್‌ನಲ್ಲಿ ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಎಲ್ಲರೂ ಸೇರಿ ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿ ಐದು ದಿನ ಇರುವ ಯೋಚನೆ. ಅಲ್ಲಿಂದ ಗೈಡ್ ಜೊತೆ ಹಡಗಿನಲ್ಲಿ ಹೋಗಿ ಒಂದೇ ದಿನದಲ್ಲಿ ಸ್ಯಾಂಟೊರಿನಿ ದ್ವೀಪ ನೋಡಿ ಬರಬಹುದಂತೆ. ಅಷ್ಟು ದುಡ್ಡು ಕೊಟ್ಟು ಒಂದು ದಿನಕ್ಕೆ ಹೋಗುವುದು ಸರಿಯಾ? ಅಮ್ಮನಿಗೆ ಮಂಡಿ ನೋವು ಬೇರೆ.

ಉತ್ತರ: ಹೋಗಬಹುದು. ಆದರೆ ಏನು ನೋಡಲು ಹೋಗುತ್ತಿದ್ದೀರಿ ಅನ್ನೋದನ್ನು ಮನೆಯಲ್ಲೇ ಕೂತು ಮಾತಾಡಿಕೊಳ್ಳಿ. ಆ ಪ್ರಸಿದ್ಧ ಸೂರ್ಯಾಸ್ತಕ್ಕಾಗಿ ಅಂತಾದರೆ ಬೇಡ. ಜ್ವಾಲಾಮುಖಿ ನೋಡಬೇಕು ಅಂತಾದರೆ ಖಂಡಿತ ಹೋಗಿ.

ಮೊದಲು ಗಂಟೆಗಳ ಲೆಕ್ಕ ಹಾಕೋಣ. ವೇಗದ ಹಡಗುಗಳು ಕ್ರೀಟ್‌ನ ಇರಾಕ್ಲಿಯೊ ಬಂದರಿನಿಂದ ಬೆಳಿಗ್ಗೆ ಎಂಟರ ಆಸುಪಾಸಿನಲ್ಲಿ ಹೊರಡುತ್ತವೆ. ಸಮುದ್ರ ಶಾಂತವಾಗಿದ್ದರೆ ಎರಡು ಗಂಟೆಯ ದಾರಿ. ಅಥಿನಿಯೋಸ್ ಅನ್ನುವ ಬಂದರಿನಲ್ಲಿ ಇಳಿಯುತ್ತೀರಿ. ಅಲ್ಲಿ ಬಸ್ಸು ಕಾಯುತ್ತಿರುತ್ತದೆ. ಅದು ಬಂಡೆಗೆ ಅಂಟಿಕೊಂಡ ತಿರುವುಗಳನ್ನು ಹತ್ತಿ ದ್ವೀಪದ ಉತ್ತರ ತುದಿಯ ಊರಿಗೆ ಮುಟ್ಟುವಷ್ಟರಲ್ಲಿ ಹನ್ನೊಂದು ದಾಟಿರುತ್ತದೆ. ನಕ್ಷೆಯಲ್ಲಿ ಓಯಿಯಾ ಅಂತ ಕಾಣುವ ಆ ಊರಿಗೆ ಅಲ್ಲಿನವರು ‘ಈಯಾ’ ಅನ್ನುತ್ತಾರೆ. ಅಲ್ಲಿ ಎರಡು ಗಂಟೆ. ಆಮೇಲೆ ರಾಜಧಾನಿ ಫಿರಾದಲ್ಲಿ ಎರಡು ಗಂಟೆ. ಸಂಜೆ ಐದು, ಐದೂವರೆಗೆ ವಾಪಸ್ ಹಡಗು. ಅಂದರೆ ದ್ವೀಪದ ಮೇಲೆ ಇರುವುದು ಆರೇಳು ಗಂಟೆ. ಅದರಲ್ಲಿ ನಿಮ್ಮ ಕಾಲ ಮೇಲೆ ನಡೆದಾಡಲು ಸಿಗುವುದು ನಾಲ್ಕು ಗಂಟೆ, ಅಷ್ಟೇ.

ಸೆಪ್ಟೆಂಬರ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಏಳೂವರೆ ಸುಮಾರಿಗೆ. ಜೂನ್‌ನಲ್ಲಾದರೆ ಎಂಟೂವರೆ ದಾಟುತ್ತದೆ. ಆ ಹೊತ್ತಿಗೆ ನೀವು ಹಡಗಿನಲ್ಲಿರುತ್ತೀರಿ, ಇಲ್ಲವೇ ಕ್ರೀಟ್‌ನಲ್ಲಿ ಇಳಿದಿರುತ್ತೀರಿ. ಈಯಾದ ಗೋಡೆ ಮೇಲೆ ಕೂತು ಸೂರ್ಯಾಸ್ತ ನೋಡುವ ಆಸೆಯಿದ್ದರೆ ಒಂದು ರಾತ್ರಿ ಅಲ್ಲೇ ಉಳಿಯಬೇಕು. ಬೇರೆ ದಾರಿ ಇಲ್ಲ.

ನಾನು ಅಮ್ಮನ ಜೊತೆ ಹೋಗಿದ್ದು ಇಂಥದ್ದೇ ಪ್ರವಾಸದಲ್ಲಿ. ಈಯಾದಲ್ಲಿ ನೀಲಿ ಗುಮ್ಮಟದ ಫೋಟೊಗೆ ಅಂತ ಜನರ ಸಾಲಿನಲ್ಲಿ ನಿಂತು ಮುಕ್ಕಾಲು ಗಂಟೆ ಕಳೆದೆ. ಅಮ್ಮ ಅಷ್ಟೂ ಹೊತ್ತು ಒಂದು ಅಂಗಡಿಯ ನೆರಳಲ್ಲಿ ಕೂತು ಸಮುದ್ರ ನೋಡುತ್ತಿದ್ದರು. ನಾನು ಹೋಗಿ ಪಕ್ಕ ಕೂತಾಗ ಕೇಳಿದರು: “ಬೆಂಕಿ ಬೆಟ್ಟ ಅಂದಿದ್ಯಲ್ಲ, ಎಲ್ಲಿದೆ ಅದು?” ಆ ಪ್ರಶ್ನೆ ಕೇಳಿದ ಮೇಲೇ ನಾನು ದ್ವೀಪವನ್ನು ಸರಿಯಾಗಿ ನೋಡಿದ್ದು.

ಅಮ್ಮ ಕೂತಿದ್ದೇ ಬೆಂಕಿ ಬೆಟ್ಟದ ಅಂಚಿನ ಮೇಲೆ. ಎದುರಿಗೆ ಕಾಣುವ ನೀಲಿ ನೀರು ಅದರ ಹೊಟ್ಟೆ. ಇದಕ್ಕೆ ಕ್ಯಾಲ್ಡೆರಾ ಅನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ಹಾಗಂದರೆ ನಮ್ಮ ಬಚ್ಚಲುಮನೆಯ ಹಂಡೆಯಂಥದ್ದು. ಸುಮಾರು 3,600 ವರ್ಷಗಳ ಹಿಂದೆ ಇಲ್ಲಿ ಭಾರೀ ಸ್ಫೋಟವಾಯಿತು. ನೆಲದಡಿಯ ಕರಗಿದ ಕಲ್ಲೆಲ್ಲ ಬೂದಿಯಾಗಿ, ನೊರೆಗಲ್ಲಾಗಿ ಆಕಾಶಕ್ಕೆ ಚಿಮ್ಮಿತು. ಕೆಳಗೆ ಖಾಲಿಯಾದ ಮೇಲೆ ಮೇಲಿನ ನೆಲಕ್ಕೆ ಆಸರೆ ಎಲ್ಲಿ? ಅಡಿಯ ಮಣ್ಣು ಜಾರಿದ ಬಾವಿಕಟ್ಟೆಯ ಹಾಗೆ ಕುಸಿಯಿತು. ಸಮುದ್ರ ಒಳಗೆ ನುಗ್ಗಿತು. ಈ ಹಂಡೆ ಪೂರ್ತಿ ಅದೊಂದೇ ಸ್ಫೋಟದ್ದಲ್ಲ. ಅದಕ್ಕೂ ಮುಂಚೆ ಲಕ್ಷಾಂತರ ವರ್ಷಗಳಲ್ಲಿ ಹಲವು ಸಲ ಇಲ್ಲಿ ನೆಲ ಸಿಡಿದಿದೆ, ಕುಸಿದಿದೆ. ಈಗ ಅದು ಉದ್ದಕ್ಕೆ ಸುಮಾರು 11 ಕಿಲೋಮೀಟರ್, ಅಗಲಕ್ಕೆ 7 ಕಿಲೋಮೀಟರ್. ಸುತ್ತ ನಿಂತ ಗೋಡೆಗಳು ಕೆಲವು ಕಡೆ ನೀರಿನಿಂದ 300 ಮೀಟರ್ ಎತ್ತರ. ನೀರಿನೊಳಗೂ ಹೆಚ್ಚುಕಡಿಮೆ ಅಷ್ಟೇ ಆಳ ಇದೆ.

ನಡುವೆ ಕಪ್ಪಗೆ ಮಲಗಿದಂತಿರುವ ಎರಡು ಪುಟ್ಟ ದ್ವೀಪಗಳು ಪಾಲಿಯಾ ಕಾಮೆನಿ ಮತ್ತು ನಿಯಾ ಕಾಮೆನಿ. ಹಳೇ ಸುಟ್ಟದ್ದು, ಹೊಸ ಸುಟ್ಟದ್ದು ಅಂತ ಅರ್ಥ. ದೊಡ್ಡ ಸ್ಫೋಟ ಮುಗಿದು ಎಷ್ಟೋ ಕಾಲದ ಮೇಲೆ ಹಂಡೆಯ ತಳದಿಂದ ಲಾವಾ ಉಕ್ಕಿ ಉಕ್ಕಿ ಎದ್ದ ನೆಲ ಅದು. ನಿಯಾ ಕಾಮೆನಿ ಕೊನೆಯ ಸಲ ಸಿಡಿದದ್ದು 1950ರಲ್ಲಿ. ನಮ್ಮ ಅಜ್ಜಂದಿರ ಕಾಲದ ಮಾತು ಅಲ್ವಾ?

ಹಾಗಾಗಿ ನಿಮಗೆ ನಾನು ಹೇಳುವ ಮುಖ್ಯ ಮಾತು ಇದು: ಈ ಪ್ರವಾಸದ ಅತ್ಯುತ್ತಮ ಕಾಲು ಗಂಟೆ ಬಂದರಿಗೆ ಮುಂಚೆಯೇ ಬರುತ್ತದೆ. ಕ್ರೀಟ್‌ನಿಂದ ಬರುವ ಹಡಗು ದಕ್ಷಿಣದ ಕಡೆಯಿಂದ, ಮುರಿದ ಅಂಚಿನ ಸಂದಿನಲ್ಲಿ ನುಗ್ಗಿ ಹಂಡೆಯೊಳಗೆ ಬರುತ್ತದೆ. ಬಲಗಡೆ ದ್ವೀಪದ ನೈಋತ್ಯ ತುದಿಯ ಅಕ್ರೋತಿರಿಯ ಬಂಡೆಗಳು, ಮುಂದೆ ಎಡಕ್ಕೆ ಕಪ್ಪು ಕಾಮೆನಿಗಳು. ಆಮೇಲೆ ಎದುರಿಗೆ ಆ ಗೋಡೆ ಏಳುತ್ತದೆ. ಕೆಳಗೆ ಕಪ್ಪು ಲಾವಾ, ನಡುನಡುವೆ ಇಟ್ಟಿಗೆ ಕೆಂಪು, ಮೇಲ್ಗಡೆ ಬೂದು-ಬಿಳಿ ಪದರ. ಆ ಬಿಳಿ ಪದರವೇ ಆ ಮಹಾಸ್ಫೋಟದ ಬೂದಿ. ಅದರ ಮೇಲೆ ಸುಣ್ಣ ಬಳಿದ ಮನೆಗಳ ಸಾಲು. ದೂರದಿಂದ ಯಾವುದು ಬೂದಿ, ಯಾವುದು ಊರು ಅಂತ ಗೊತ್ತಾಗುವುದಿಲ್ಲ. ಮೆತ್ತಗಿನ ಆ ಬೂದಿಯನ್ನೇ ಗುಹೆಯ ಹಾಗೆ ಕೊರೆದು ಜನ ಮನೆ ಮಾಡಿಕೊಂಡಿದ್ದಾರೆ. ಬೇಸಿಗೆಯಲ್ಲಿ ಒಳಗೆ ತಂಪು, ಚಳಿಗಾಲದಲ್ಲಿ ಬೆಚ್ಚಗೆ.

ವೇಗದ ಹಡಗುಗಳಲ್ಲಿ ಹೊರಗೆ ನಿಲ್ಲಲು ಜಾಗ ಕಡಿಮೆ. ಹತ್ತಿದ ಕೂಡಲೇ ಹೊರಗಿನ ಡೆಕ್ ಎಲ್ಲಿದೆ ಅಂತ ಕೇಳಿಟ್ಟುಕೊಳ್ಳಿ. ಇಳಿಯುವುದಕ್ಕೆ ಅರ್ಧ ಗಂಟೆ ಮುಂಚೆಯೇ ಎದ್ದು ಹೋಗಿ. ಜನ ಕೆಳಗೆ ಬ್ಯಾಗ್ ಹಿಡಿದು ಬಾಗಿಲ ಹತ್ತಿರ ಗುಂಪು ಸೇರುವ ಹೊತ್ತು ಅದು. ಬಾಗಿಲ ಹತ್ತಿರ ನಿಂತರೆ ಐದು ನಿಮಿಷ ಬೇಗ ಇಳಿಯಬಹುದು, ಆದರೆ ಜ್ವಾಲಾಮುಖಿ ತಪ್ಪಿಹೋಗುತ್ತದೆ. ಹೊರಗೆ ಬಿಡದಿದ್ದರೆ ಅಪ್ಪ ಅಮ್ಮನನ್ನು ಬಲಗಡೆಯ ಕಿಟಕಿ ಪಕ್ಕ ಕೂರಿಸಿ.

ಇನ್ನು ಗೈಡ್ ವಿಷಯ. ಗೈಡ್ ಅಂದ ಕೂಡಲೇ ಪ್ರತಿ ಕಲ್ಲಿನ ಮುಂದೆ ನಿಂತು ಕಥೆ ಹೇಳುವವರನ್ನು ಊಹಿಸಿಕೊಳ್ಳಬೇಡಿ. ಈ ಪ್ರವಾಸಗಳಲ್ಲಿ ಮಾತೆಲ್ಲ ಬಸ್ಸಿನ ಮೈಕಿನಲ್ಲೇ ಮುಗಿಯುತ್ತದೆ. ಊರಿನಲ್ಲಿ ಇಳಿಸಿ, “ಇಷ್ಟು ಹೊತ್ತಿಗೆ ಇಲ್ಲೇ ಬನ್ನಿ” ಅಂತ ಬಿಟ್ಟುಬಿಡುತ್ತಾರೆ. ಆದರೂ ಹಿರಿಯರು ಜೊತೆಗಿದ್ದರೆ ನಾನು ಇದನ್ನೇ ಹೇಳುತ್ತೇನೆ. ಕಾರಣ ಬಸ್ಸು. ಅಥಿನಿಯೋಸ್ ಬಂದರು ಯಾವ ಊರಿಗೂ ನಡೆದು ಹೋಗುವ ದೂರದಲ್ಲಿಲ್ಲ. ಹಡಗು ಬಂದ ಹೊತ್ತಿನಲ್ಲಿ ಅಲ್ಲಿ ಟ್ಯಾಕ್ಸಿ, ಸರ್ಕಾರಿ ಬಸ್ಸು ಹಿಡಿಯುವುದು ನಮ್ಮ ಹಬ್ಬದ ಹಿಂದಿನ ದಿನದ ಮೆಜೆಸ್ಟಿಕ್ ನೆನಪಿಸುತ್ತದೆ. ಇರುವ ಆರು ಗಂಟೆಯಲ್ಲಿ ಒಂದು ಗಂಟೆ ಅಲ್ಲೇ ಹೋದರೆ ಹೊಟ್ಟೆ ಉರಿಯುತ್ತದೆ. ಪ್ರವಾಸದವರದೇ ಬಸ್ಸಿದ್ದರೆ ಸಂಜೆ ಹಡಗು ತಪ್ಪುವ ಭಯವೂ ಇರುವುದಿಲ್ಲ.

ಅಮ್ಮನ ಮಂಡಿಯ ಬಗ್ಗೆ. ಈಯಾದ ಮುಖ್ಯ ಓಣಿಗೆ ಅಮೃತಶಿಲೆ ಹಾಸಿದ್ದಾರೆ, ಬಹುಪಾಲು ಸಮತಟ್ಟು. ನುಣುಪಾಗಿರುವುದರಿಂದ ಹಿಡಿತ ಇರುವ ಚಪ್ಪಲಿ ಬೇಕು. ಓಣಿ ಬಿಟ್ಟು ಯಾವ ಕಡೆ ಹೊರಳಿದರೂ ಮೆಟ್ಟಿಲೇ. ಕೆಳಗಿನ ಅಮ್ಮೂದಿ ಬಂದರಿಗೆ ಇಳಿಯುವ ಮೆಟ್ಟಿಲು ನಿಮ್ಮ ಅಮ್ಮನಿಗೆ ಬೇಡವೇ ಬೇಡ. ಫಿರಾದ ಹಳೇ ಬಂದರಿಗೂ 580ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಅಲ್ಲಿ ಕತ್ತೆ ಮೇಲೆ ಕೂರಿಸಿ ಹತ್ತಿಸುತ್ತಾರೆ. ದಯವಿಟ್ಟು ಕೂರಬೇಡಿ. ಬಿಸಿಲಲ್ಲಿ ದಿನವಿಡೀ ಹತ್ತಿ ಇಳಿಯುವ ಆ ಪ್ರಾಣಿಗಳನ್ನು ನೋಡಿದರೆ ಸಂಕಟವಾಗುತ್ತದೆ. 100 ಕಿಲೋಗಿಂತ ಜಾಸ್ತಿ ಭಾರ ಹೊರಿಸಬಾರದು ಅಂತ 2018ರಲ್ಲಿ ಗ್ರೀಸ್ ಸರ್ಕಾರವೇ ನಿಯಮ ಮಾಡಬೇಕಾಯಿತು. ಕೇಬಲ್ ಕಾರ್ ಇದೆ. ಅದೂ ನಿಮಗೆ ಅಗತ್ಯವಿಲ್ಲ. ನಿಮ್ಮ ಬಸ್ಸು ಮೇಲಕ್ಕೇ ಕರೆತರುತ್ತದೆ.

ಫಿರಾದಲ್ಲಿ ಜನ ಅಂಗಡಿಗಳ ಕಡೆ ಹೋಗುತ್ತಾರೆ. ನೀವು ಬಸ್ ನಿಲ್ದಾಣದ ಹತ್ತಿರದಲ್ಲೇ ಇರುವ ಇತಿಹಾಸಪೂರ್ವ ಥೀರಾ ಮ್ಯೂಸಿಯಂಗೆ ಹೋಗಿ. ಥೀರಾ ಅನ್ನೋದು ಸ್ಯಾಂಟೊರಿನಿಯದೇ ಹಳೇ ಹೆಸರು. ಅದು ಬಾಗಿಲು ತೆರೆದಿರುವ ದಿನ ಯಾವುದು ಅಂತ ಮೊದಲೇ ನೋಡಿಕೊಂಡು ಪ್ರವಾಸ ಗೊತ್ತುಮಾಡಿ. ಆ ಮಹಾಸ್ಫೋಟದ ಬೂದಿಯಲ್ಲಿ ಹೂತುಹೋದ ಅಕ್ರೋತಿರಿ ಪಟ್ಟಣದ ವಸ್ತುಗಳು ಅಲ್ಲಿವೆ. ಸ್ಪಿರಿಡಾನ್ ಮರಿನಾಟೋಸ್ ಅನ್ನುವ ಪುರಾತತ್ವ ತಜ್ಞರು 1967ರಲ್ಲಿ ಅಲ್ಲಿ ಅಗೆತ ಶುರು ಮಾಡಿದರು. ಎರಡು ಮೂರು ಅಂತಸ್ತಿನ ಮನೆಗಳು, ಬೀದಿಗಳು, ಚರಂಡಿ, ಸಾಲು ಸಾಲು ಗುಡಾಣಗಳು ಸಿಕ್ಕವು. ಮನುಷ್ಯರ ಶವಗಳು ಸಿಗಲಿಲ್ಲ. ಮೊದಲು ಭೂಕಂಪಗಳಾಗಿ ಜನ ಎಚ್ಚೆತ್ತು ಊರು ಬಿಟ್ಟಿದ್ದರು ಅಂತ ತಜ್ಞರು ಹೇಳುತ್ತಾರೆ. ಎಲ್ಲಿಗೆ ಹೋದರೋ, ದಡ ಸೇರಿದರೋ ಇಲ್ಲವೋ. ಖಾಲಿ ಗುಡಾಣಗಳ ಮುಂದೆ ನಿಂತಾಗ ಅದೇ ಯೋಚನೆ ಕಾಡುತ್ತದೆ.

ಅಲ್ಲಿನ ಗೋಡೆ ಚಿತ್ರಗಳಲ್ಲಿ ನೀಲಿ ಮಂಗಗಳು ಬಂಡೆ ಹತ್ತುತ್ತಿರುವ ಚಿತ್ರವೊಂದಿದೆ. ಗ್ರೀಸ್‌ನಲ್ಲಿ ಕಾಡುಮಂಗಗಳೇ ಇಲ್ಲ. ಇವು ಆಫ್ರಿಕಾದ ಮಂಗಗಳು ಅಂತ ಬಹಳ ಕಾಲ ಅಂದುಕೊಂಡಿದ್ದರು. ಈಚೆಗೆ ಕೆಲವು ಸಂಶೋಧಕರು ಬಾಲ ಎತ್ತಿ ಬಾಗಿಸುವ ರೀತಿ, ಮೈಕಟ್ಟು ನೋಡಿ, ಇವು ನಮ್ಮ ಕಡೆಯ ಲಂಗೂರ್‌ಗಳು ಅಂದಿದ್ದಾರೆ. ಅಂದರೆ ನಮ್ಮ ಮುಸಿಯ! ಸಿಂಧೂ ಬಯಲಿನ ಜೊತೆಗಿನ ವ್ಯಾಪಾರದ ದಾರಿಯಲ್ಲಿ ಅವುಗಳ ಪರಿಚಯ ಅಲ್ಲಿಯವರೆಗೂ ಮುಟ್ಟಿರಬಹುದು ಅನ್ನುವುದು ಅವರ ವಾದ. ಎಲ್ಲರೂ ಒಪ್ಪಿಲ್ಲ. ಆದರೆ ನನ್ನ ಅಮ್ಮ ಯಾವ ವಾದವೂ ಗೊತ್ತಿಲ್ಲದೆ ಚಿತ್ರ ನೋಡಿದ ಕೂಡಲೇ “ಮುಸಿಯ” ಅಂದರು.

ಊಟಕ್ಕೆ ‘ಫಾವಾ’ ಕೇಳಿ. ಅಲ್ಲಿ ಬೆಳೆಯುವ ಹಳದಿ ಬೇಳೆಯನ್ನು ಬೇಯಿಸಿ, ಮಸೆದು, ಮೇಲೆ ಈರುಳ್ಳಿ, ಆಲಿವ್ ಎಣ್ಣೆ ಹಾಕುತ್ತಾರೆ. ಗಟ್ಟಿ ತೊವ್ವೆ ಅಂದುಕೊಳ್ಳಿ. ನಿಂಬೆಹಣ್ಣು ಹಿಂಡಿಕೊಂಡರೆ ಅಪ್ಪ ಅಮ್ಮನಿಗೆ ಖಂಡಿತ ಹಿಡಿಸುತ್ತದೆ. ಟೊಮೆಟೊ ವಡೆಯೂ ಸಿಗುತ್ತದೆ. ಎರಡಕ್ಕೂ ಮಾಂಸ ಹಾಕುವುದಿಲ್ಲ.

ಸುಟ್ಟ ನೆಲವನ್ನೇ ತುಳಿಯಬೇಕು ಅಂತ ನಿಮಗೆ ಆಸೆಯಿದ್ದರೆ ಈ ಸಾಮಾನ್ಯ ಪ್ರವಾಸದಲ್ಲಿ ಅದು ಸಿಗುವುದಿಲ್ಲ. ನಿಯಾ ಕಾಮೆನಿಗೆ ಬೇರೆ ದೋಣಿ ಹಿಡಿಯಬೇಕು. ಸುಮಾರು 130 ಮೀಟರ್ ಎತ್ತರದ ಜಲ್ಲಿ ದಾರಿ, ಒಂದು ಮರದ ನೆರಳೂ ಇಲ್ಲ. ಮಂಡಿ ನೋವಿಗೆ ಒಗ್ಗದ ಜಾಗ. ಮುಂದೆಂದಾದರೂ ಕೋಸ್ ದ್ವೀಪಕ್ಕೆ ಹೋದರೆ ಅಲ್ಲಿಂದ ನಿಸಿರೋಸ್ ಅನ್ನುವ ಜ್ವಾಲಾಮುಖಿ ದ್ವೀಪಕ್ಕೆ ಒಂದು ದಿನದ ಪ್ರವಾಸ ಮಾಡಿ. ಅಲ್ಲಿ ಬಸ್ಸು ಕುಳಿಯ ಅಂಚಿನ ಹತ್ತಿರದವರೆಗೂ ಹೋಗುತ್ತದೆ. ಸ್ಟೆಫಾನೋಸ್ ಅನ್ನುವ ಕುಳಿಯೊಳಗೆ ಇಳಿದರೆ ಗಂಧಕದ ವಾಸನೆ, ಹಳದಿ ಹರಳು, ಬಿರುಕುಗಳಿಂದ ಬಿಸಿ ಹಬೆ. ಜ್ವಾಲಾಮುಖಿ ತೋರಿಸುವುದರಲ್ಲಿ ನನ್ನ ಮಟ್ಟಿಗೆ ನಿಸಿರೋಸ್ ಸ್ಯಾಂಟೊರಿನಿಗಿಂತ ಒಂದು ಕೈ ಮೇಲು.

ಭಯದ ಮಾತು ಕೂಡ ಹೇಳಿಬಿಡುತ್ತೇನೆ, ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. 2025ರ ಫೆಬ್ರವರಿಯಲ್ಲಿ ಸ್ಯಾಂಟೊರಿನಿ ಮತ್ತು ಹತ್ತಿರದ ಅಮೋರ್ಗೋಸ್ ದ್ವೀಪದ ನಡುವೆ ಸಾವಿರಾರು ಸಣ್ಣ ಭೂಕಂಪಗಳಾದವು. 10,000ಕ್ಕೂ ಹೆಚ್ಚು ಜನ ಕೆಲವು ವಾರ ದ್ವೀಪ ಬಿಟ್ಟಿದ್ದರು. ಆಮೇಲೆ ಕಂಪನ ಇಳಿಯಿತು, ಜನ ವಾಪಸಾದರು, ಹಡಗುಗಳೂ ಓಡಿದವು. ಆ ಭಾಗದ ನೆಲದ ಮೇಲೆ ವಿಜ್ಞಾನಿಗಳು ಸದಾ ಕಣ್ಣಿಟ್ಟಿರುತ್ತಾರೆ. ಹೊರಡುವ ವಾರದ ಸುದ್ದಿ ನೋಡಿಕೊಂಡು ಹೋಗಿ.

ನಿಜವಾಗಿ ಪ್ರವಾಸ ಕೆಡಿಸುವುದು ಗಾಳಿ. ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ‘ಮೆಲ್ಟೆಮಿ’ ಜುಲೈ, ಆಗಸ್ಟ್‌ನಲ್ಲಿ ಜೋರು, ಸೆಪ್ಟೆಂಬರ್‌ನಲ್ಲೂ ಕೆಲವು ದಿನ ಇರುತ್ತದೆ. ಹೋಗುವಾಗ ಹಡಗು ಅದಕ್ಕೆ ಎದುರಾಗಿ ಸಾಗಬೇಕು. ನಡುವೆ ತಡೆಯಲು ದೊಡ್ಡ ದ್ವೀಪವೂ ಇಲ್ಲ. ಹೊಟ್ಟೆ ತೊಳಸುವವರು ಹಡಗಿನ ಮಧ್ಯಭಾಗದಲ್ಲಿ ಕೂರಲಿ. ವಾಂತಿ ಮಾತ್ರೆಯನ್ನು ಹತ್ತುವ ಮುಂಚೆಯೇ ತಗೊಳ್ಳಬೇಕು, ಶುರುವಾದ ಮೇಲೆ ನುಂಗಿದರೆ ಅಷ್ಟು ಉಪಯೋಗವಿಲ್ಲ. ಅಪ್ಪ ಅಮ್ಮ ಬಿಪಿ, ಸಕ್ಕರೆಗೆ ಔಷಧಿ ತಗೊಳ್ಳುತ್ತಿದ್ದರೆ ಯಾವ ಮಾತ್ರೆ ಅಂತ ಡಾಕ್ಟರ್ ಹತ್ತಿರ ಕೇಳಿಕೊಂಡು ಬರಲಿ.

ಗಾಳಿ ಮಿತಿ ಮೀರಿದರೆ ಹಡಗು ಹೊರಡುವುದೇ ಇಲ್ಲ. ಹಡಗು ರದ್ದಾದರೆ ಬೇರೆ ಹಡಗು ಅಥವಾ ಟಿಕೆಟ್ ದುಡ್ಡು ವಾಪಸ್, ಎರಡರಲ್ಲಿ ಒಂದನ್ನು ಕೇಳುವ ಹಕ್ಕು ಯುರೋಪಿಯನ್ ಒಕ್ಕೂಟದ ನಿಯಮದಲ್ಲಿದೆ. ಬಸ್ಸು, ಗೈಡ್ ಸೇರಿದ ಪೂರ್ತಿ ಪ್ಯಾಕೇಜಿನ ದುಡ್ಡು ಏನಾಗುತ್ತದೆ ಅಂತ ಏಜೆಂಟರ ಹತ್ತಿರ ಬರಹದಲ್ಲೇ ಕೇಳಿ.

ಹೋಟೆಲ್ ಎಲ್ಲಿ ಮಾಡುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕ್ರೀಟ್‌ನ ಪಶ್ಚಿಮ ಭಾಗದ ಹನಿಯಾ ಊರಿನಲ್ಲಿ ಇದ್ದರೆ ಇರಾಕ್ಲಿಯೊಗೆ ಬಸ್ಸಿನಲ್ಲೇ ಎರಡೂವರೆ ಗಂಟೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಹೊರಟು, ರಾತ್ರಿ ಹನ್ನೊಂದಕ್ಕೆ ಬಂದು ಮಲಗುವುದು ಹಿರಿಯರಿಗೆ ಜಾಸ್ತಿಯಾಯಿತು. ಹಿಂದಿನ ರಾತ್ರಿ ಇರಾಕ್ಲಿಯೊದಲ್ಲೇ ಉಳಿಯಿರಿ. ಐದು ದಿನದಲ್ಲಿ ಕೊನೆಯ ದಿನಕ್ಕೆ ಮಾತ್ರ ಈ ಪ್ರವಾಸ ಇಟ್ಟುಕೊಳ್ಳಬೇಡಿ. ಎರಡನೇ ದಿನಕ್ಕೆ ಹಾಕಿ. ಗಾಳಿ ಎದ್ದು ಅವತ್ತಿನ ಹಡಗು ನಿಂತರೂ ಮೂರನೇ ದಿನ ಇರುತ್ತದೆ, ನಾಲ್ಕನೇ ದಿನ ಇರುತ್ತದೆ.