ಕಿತ್ತೂರಿನ ಥ್ಯಾಕರೆಗೂ ಮುಂಬೈನ ಠಾಕ್ರೆಗೂ ನಂಟು ಇದೆಯಾ?

ಪ್ರಶ್ನೆ: ಕಿತ್ತೂರಿನಲ್ಲಿ ಗುಂಡೇಟಿಗೆ ಸತ್ತ ಕಲೆಕ್ಟರ್ ಥ್ಯಾಕರೆಯ ಹೆಸರೂ, ಮುಂಬೈನ ಠಾಕ್ರೆ ಮನೆತನದವರ ಹೆಸರೂ ಇಂಗ್ಲಿಷಿನಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ. ಇವರು ಸಂಬಂಧಿಕರಾ? ಈ ಹೆಸರು ಮೂಲದಲ್ಲಿ ಯಾರದು?

ಸಂಬಂಧಿಕರಲ್ಲ. ಆದರೆ ಸ್ಪೆಲ್ಲಿಂಗ್ ಒಂದೇ ಆಗಿದ್ದು ಆಕಸ್ಮಿಕವೂ ಅಲ್ಲ. ಅದನ್ನು ಬಿಡಿಸಿ ಹೇಳಬೇಕಾದರೆ ಮೊದಲು ಇಂಗ್ಲೆಂಡಿಗೆ ಹೋಗಬೇಕು.

ಇಂಗ್ಲೆಂಡಿನ ಉತ್ತರಕ್ಕೆ ಯಾರ್ಕ್‌ಷೈರ್ ಇದೆ. ಅಲ್ಲಿನ ಹ್ಯಾರೊಗೇಟ್ ಪಟ್ಟಣದ ಹತ್ತಿರ, ವಾಷ್‌ಬರ್ನ್ ಹೊಳೆಯ ಕಣಿವೆಯಲ್ಲಿ, ಫ್ಯೂಸ್ಟನ್ ಎಂಬ ಊರಿನ ಬಳಿ ಥ್ಯಾಕ್ರೆ ಅಂತ ಒಂದು ಪುಟ್ಟ ಜಾಗ ಇತ್ತು. ಹೆಸರು ವೈಕಿಂಗರ, ಅಂದರೆ ಸ್ಕ್ಯಾಂಡಿನೇವಿಯಾದಿಂದ ಹಡಗಿನಲ್ಲಿ ದಂಡೆತ್ತಿ ಬಂದವರ, ಭಾಷೆಯದು. 'ಥಾಕ್' ಅಂದರೆ ಮಾಡಿಗೆ ಹೊದಿಸುವ ಹುಲ್ಲು, ಜೊಂಡು. 'ವ್ರಾ' ಅಂದರೆ ಮೂಲೆ. ಸೂರಿಗೆ ಬೇಕಾದ ಜೊಂಡು ಬೆಳೆಯುವ ಮೂಲೆ, ಅಷ್ಟೇ. 9ನೇ ಶತಮಾನದಲ್ಲಿ ವೈಕಿಂಗರು ಯಾರ್ಕ್ ಹಿಡಿದ ಮೇಲೆ ಆ ಸೀಮೆಯಲ್ಲಿ ಇಂಥ ಹೆಸರುಗಳು ಸಾಲುಸಾಲಾಗಿ ಹುಟ್ಟಿಕೊಂಡವು. ಹುಲ್ಲಿನ ಮಾಡು ಹೊದಿಸುವವನಿಗೆ ಥ್ಯಾಚರ್ ಅಂತಾರಲ್ಲ, ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರಿಗೆ ಗಂಡನ ಮನೆಯಿಂದ ಬಂದ ಆ ಹೆಸರಿನ ಬೇರೂ ಇದೇ. ಒಂದು ಕಸುಬಿನ ಹೆಸರಾಯಿತು, ಇನ್ನೊಂದು ಊರಿನದಾಯಿತು.

ಊರಿನ ಹೆಸರು ಮನೆತನಕ್ಕೆ ಅಂಟಿಕೊಳ್ಳುವುದು ನಮಗೆ ಹೊಸದೇನಲ್ಲ. ಉತ್ತರ ಕರ್ನಾಟಕದ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆಗೆದರೆ ಹುಬ್ಬಳ್ಳಿ, ಸವದತ್ತಿ, ಕಿತ್ತೂರ ಅನ್ನುವ ಅಡ್ಡಹೆಸರಿನ ಮಕ್ಕಳು ಸಿಗುತ್ತಾರೆ. ಸಾಮಾನ್ಯವಾಗಿ ಊರು ಬಿಟ್ಟು ಬೇರೆ ಕಡೆ ಬಂದವರಿಗೇ ಊರ ಹೆಸರು ಬೀಳೋದು. ಊರಲ್ಲೇ ಇದ್ದರೆ ಎಲ್ಲರೂ ಅದೇ ಊರಿನವರು, ಹಾಗೆ ಕರೆದು ಏನು ಪ್ರಯೋಜನ, ಅಲ್ವಾ? ಇಂಗ್ಲೆಂಡಿನಲ್ಲೂ ಆದದ್ದು ಹೀಗೇ. 1379ರ ತಲೆಗಂದಾಯದ ಯಾರ್ಕ್‌ಷೈರ್ ಪಟ್ಟಿಗಳು ಇವತ್ತಿಗೂ ಉಳಿದಿವೆ. ಅದರಲ್ಲಿ ಎಷ್ಟೋ ಜನರ ಹೆಸರಿನ ಜೊತೆ 'ದೆ', ಅಂದರೆ 'ಇಂಥ ಊರಿನ', ಅಂತ ಸೇರಿಸಿ ಊರಿನ ಹೆಸರು ಬರೆದಿದ್ದಾರೆ. ಆಮೇಲಾಮೇಲೆ 'ದೆ' ಬಿದ್ದುಹೋಯಿತು, ಊರ ಹೆಸರು ಮಾತ್ರ ಅಪ್ಪನಿಂದ ಮಗನಿಗೆ ಬಂತು.

ಸ್ಪೆಲ್ಲಿಂಗ್ ಮಾತ್ರ ಒಂದೇ ಥರ ಉಳಿಯಲಿಲ್ಲ. ಚರ್ಚಿನ ದಾಖಲೆ ಬರೆಯುವವರು ಕಿವಿಗೆ ಬಿದ್ದ ಹಾಗೆ ಬರೆದರು, ಒಂದೇ ಹೆಸರು ಥ್ಯಾಕ್ರೆ, ಥ್ಯಾಕರೆ, ಥ್ಯಾಕ್ರಾ ಅಂತ ಕವಲೊಡೆಯಿತು. ಲೀಡ್ಸ್ ನಗರದಲ್ಲಿ ಥ್ಯಾಕ್ರೆ ಹೆಸರಿನ ವೈದ್ಯಕೀಯ ಮ್ಯೂಸಿಯಂ ಇದೆ. ಕಾರ್ಮಿಕರಿಗೆ ಕಸುಬಿನಿಂದಲೇ ಬರುವ ಕಾಯಿಲೆಗಳ ಬಗ್ಗೆ 1831ರಲ್ಲೇ ಪುಸ್ತಕ ಬರೆದ ವೈದ್ಯ ಚಾರ್ಲ್ಸ್ ಥ್ಯಾಕ್ರಾ ಕೂಡ ಲೀಡ್ಸ್‌ನವನೇ. ಇನ್ನು ಆ ಮೂಲ ಜಾಗ? 1870ರ ದಶಕದಲ್ಲಿ ಲೀಡ್ಸ್‌ಗೆ ಕುಡಿಯುವ ನೀರು ಕೊಡಲು ಫ್ಯೂಸ್ಟನ್ ಬಳಿ ಕಟ್ಟೆ ಕಟ್ಟಿದರು, ಅದು ನೀರಿನಡಿ ಹೋಯಿತು.

ನಮಗೆ ಬೇಕಾದ ಕವಲು ಹತ್ತಿರದ ಹ್ಯಾಂಪ್ಸ್‌ತ್ವೇಟ್ ಹಳ್ಳಿಯದು. ಅಲ್ಲಿ ಹುಟ್ಟಿದ ಥಾಮಸ್ ಥ್ಯಾಕರೆ ಓದಿ ಮುಂದೆ ಬಂದು, 1746ರಲ್ಲಿ ಲಂಡನ್ ಕಡೆಯ ಹೆಸರಾಂತ ಹ್ಯಾರೋ ಶಾಲೆಯ ಹೆಡ್‌ಮಾಸ್ಟರ್ ಆದ. ಅವನಿಗೆ 16 ಮಕ್ಕಳು. ಕೊನೆಯವನು ವಿಲಿಯಂ ಮೇಕ್‌ಪೀಸ್ ಥ್ಯಾಕರೆ, ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಬಂಗಾಳಕ್ಕೆ ಬಂದ, ಸಿಲ್ಹೆಟ್‌ನಲ್ಲಿ ಆನೆ ಹಿಡಿಸಿ ಮಾರಿ ದುಡ್ಡು ಮಾಡಿದ. ಅವನ ಗಂಡುಮಕ್ಕಳಲ್ಲಿ ಹಲವರು ಭಾರತಕ್ಕೇ ಬಂದರು. ಒಬ್ಬ ಮಗ ವಿಲಿಯಂ, ಬಳ್ಳಾರಿಯೂ ಸೇರಿದ್ದ ದತ್ತ ಮಂಡಲಗಳಲ್ಲಿ, ಅಂದರೆ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ, ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಕೈಕೆಳಗೆ ಕೆಲಸ ಮಾಡಿದ. ಇನ್ನೊಬ್ಬ ರಿಚ್ಮಂಡ್, ಕಲ್ಕತ್ತೆಯಲ್ಲಿದ್ದ. ಮತ್ತೊಬ್ಬ ಸೇಂಟ್ ಜಾನ್ ಥ್ಯಾಕರೆ, ಧಾರವಾಡದ ಕಲೆಕ್ಟರ್.

ಮುಂದಿನದು ನಿಮಗೆ ಗೊತ್ತಿರೋದೇ. ಕಿತ್ತೂರಿನ ದತ್ತು ಮಗನನ್ನು ಒಪ್ಪದೆ ಕೋಟೆಯ ಮುಂದೆ ಬಂದು ನಿಂತ ಸೇಂಟ್ ಜಾನ್, 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯದ ಎದುರು ಸತ್ತ. ಗುಂಡು ಹೊಡೆದವನು ಅಮಟೂರ ಬಾಳಪ್ಪ ಅನ್ನುತ್ತದೆ ನಮ್ಮ ನಾಡಿನ ನೆನಪು. ಅಮಟೂರು ಬೈಲಹೊಂಗಲದ ಕಡೆಯ ಹಳ್ಳಿ. ಅಂದರೆ ಹೊಡೆದವನೂ ಬಿದ್ದವನೂ ಇಬ್ಬರೂ ಹಳ್ಳಿಯ ಹೆಸರು ಹೊತ್ತವರೇ. ನನಗೆ ಇಡೀ ಕಥೆಯಲ್ಲಿ ಜಾಸ್ತಿ ಹಿಡಿಸಿದ ಸಂಗತಿ ಇದು.

ಈಗ ಮುಂಬೈಗೆ ಬರೋಣ. ಕಲ್ಕತ್ತೆಯ ರಿಚ್ಮಂಡ್‌ಗೆ 1811ರಲ್ಲಿ ಒಬ್ಬ ಮಗ ಹುಟ್ಟಿದ, ತಾತನ ಹೆಸರನ್ನೇ ಇಟ್ಟರು. ಈ ವಿಲಿಯಂ ಮೇಕ್‌ಪೀಸ್ ಥ್ಯಾಕರೆ ಮುಂದೆ ಇಂಗ್ಲಿಷಿನ ಬಹಳ ದೊಡ್ಡ ಕಾದಂಬರಿಕಾರನಾದ. ಕಿತ್ತೂರಿನಲ್ಲಿ ಸತ್ತವನು ಅವನ ಸ್ವಂತ ಚಿಕ್ಕಪ್ಪ. ಬಾಳ ಠಾಕ್ರೆಯವರ ತಂದೆ ಕೇಶವ ಸೀತಾರಾಮ ಠಾಕ್ರೆ, ಪ್ರಬೋಧನಕಾರ ಅಂತ ಹೆಸರಾದವರು, ಹುಟ್ಟಿದ್ದು 1885ರಲ್ಲಿ ಪನವೇಲ್‌ನಲ್ಲಿ. ಅವರಿಗೆ ಈ ಕಾದಂಬರಿಕಾರನೆಂದರೆ ಬಹಳ ಅಭಿಮಾನ. ಮರಾಠಿಯ ತಮ್ಮ ಹಳೆಯ ಮನೆತನದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಆ ಲೇಖಕನ ಸ್ಪೆಲ್ಲಿಂಗನ್ನೇ ತೆಗೆದುಕೊಂಡರು. ಮರಾಠಿಯಲ್ಲಿ ಬರೆಯುವಾಗ ಆ ಮನೆಯವರು ಇವತ್ತಿಗೂ ಠಾಕರೇ ಎಂದೇ ಬರೆಯುತ್ತಾರೆ.